ಲ್ಯಾಪ್‌ಟಾಪ್ ಆಫೀಸಿನದು, ಕೀ ಹುಡುಗನದು

ನಾನು ಶಿವಮೊಗ್ಗದ ಒಂದು ಆಡಿಟರ್ ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಅಕೌಂಟ್ಸ್ ನನ್ನ ಕೆಲಸ. ಆದರೆ ಪ್ರಿಂಟರ್‌ನಲ್ಲಿ ಪೇಪರ್ ಸಿಕ್ಕಿಕೊಂಡರೂ ನಾನೇ, ಇಂಟರ್‌ನೆಟ್ ಹೋದರೂ ನಾನೇ, ಹೊಸ ಕಂಪ್ಯೂಟರ್ ತರಬೇಕಾದರೂ ನಾನೇ. ಯಾರೂ ಒಪ್ಪಿಸಿದ್ದಲ್ಲ. ಯಾವತ್ತೋ ಒಂದು ಸಲ ಸಡಿಲವಾಗಿದ್ದ ಕೇಬಲ್ ಸರಿ ಮಾಡಿದ್ದೆ, ಅಲ್ಲಿಂದ ಶುರುವಾಯಿತು.

2022ರ ಆಗಸ್ಟ್‌ನಲ್ಲಿ ಒಟ್ಟಿಗೆ ಆರು ಲ್ಯಾಪ್‌ಟಾಪ್ ತಂದೆವು. ಆಯ್ಕೆ ಪೂರ್ತಿ ನನ್ನದೇ. ಎರಡು ವಾರ ರಾತ್ರಿ ಕೂತು ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ, ಬೆಲೆ ಎಲ್ಲವನ್ನೂ ಎಕ್ಸೆಲ್‌ಗೆ ಹಾಕಿದ್ದೆ. ಯಾವ ಬ್ಯಾಂಕಿನ ಕಾರ್ಡಿಗೆ ಎಷ್ಟು ಡಿಸ್ಕೌಂಟ್ ಅನ್ನೋದಕ್ಕೂ ಒಂದು ಕಾಲಂ. ಆ ಶೀಟ್ ಈಗ ತೆಗೆದು ನೋಡಿದರೆ ನಗು ಬರುತ್ತದೆ. ಹದಿನೆಂಟು ಕಾಲಂ ಇವೆ, ಅದರಲ್ಲಿ ‘ಯಾವ ವಿಂಡೋಸ್’ ಅನ್ನೋದು ಇಲ್ಲ. ‘ಅಕೌಂಟ್ ಯಾರ ಹೆಸರಿನಲ್ಲಿ’ ಅನ್ನೋದಂತೂ ತಲೆಗೇ ಬಂದಿರಲಿಲ್ಲ. ವಿಂಡೋಸ್ ಇದೆ, ವರ್ಡು ಎಕ್ಸೆಲ್ಲೂ ಜೊತೆಗೇ ಬರುತ್ತವೆ, ಇನ್ನೇನು ಬೇಕು ಅಂದುಕೊಂಡಿದ್ದೆ.

ಬಾಕ್ಸ್ ಬಂದ ದಿನ ನಮ್ಮ ಆರ್ಟಿಕಲ್ ಹುಡುಗರಿಗೆ, ಅಂದರೆ ಸಿಎ ಓದುತ್ತಾ ನಮ್ಮಲ್ಲಿ ತರಬೇತಿಗೆ ಇರುವವರಿಗೆ, ಹಬ್ಬ. ಆರೂ ಬಾಕ್ಸ್ ಒಟ್ಟಿಗೆ ಬಿಚ್ಚಿದರು. ನನಗೆ ಅವತ್ತು ಜಿಎಸ್‌ಟಿ ರಿಟರ್ನಿನ ಗಡಿಬಿಡಿ. ಒಬ್ಬ ಬಂದು ಕೇಳಿದ: “ಅಕ್ಕ, ಇದು ಮೈಕ್ರೋಸಾಫ್ಟ್ ಅಕೌಂಟ್ ಕೇಳ್ತಿದೆ, ಏನ್ ಹಾಕ್ಲಿ?”

“ನಿಂದೇ ಯಾವ್ದಾದ್ರೂ ಹಾಕ್ಕೊಳೋ, ಆಮೇಲೆ ನೋಡೋಣ” ಅಂದೆ.

ಆ ‘ಆಮೇಲೆ’ ಬಂದಿದ್ದು ಎರಡು ವರ್ಷ ಕಳೆದ ಮೇಲೆ, 2024ರ ಸೆಪ್ಟೆಂಬರ್ ಕೊನೇ ವಾರದಲ್ಲಿ.

ಆಡಿಟ್ ಆಫೀಸಿನಲ್ಲಿ ಕೆಲಸ ಮಾಡಿದವರಿಗೆ ಆ ವಾರ ಅಂದರೆ ಏನು ಅಂತ ಹೇಳಬೇಕಿಲ್ಲ. ಟ್ಯಾಕ್ಸ್ ಆಡಿಟ್ ರಿಪೋರ್ಟಿಗೆ 30 ಕೊನೇ ದಿನ. ಆ ವರ್ಷ ಅಕ್ಟೋಬರ್ 7ಕ್ಕೆ ಮುಂದೂಡಿದರು ನಿಜ, ಆದರೆ ಅದು ಗೊತ್ತಾಗಿದ್ದು ಕೊನೇ ಗಳಿಗೆಯಲ್ಲಿ. ಅಂಥ ಹೊತ್ತಿನಲ್ಲಿ ಒಂದು ಲ್ಯಾಪ್‌ಟಾಪ್ ಆನ್ ಆಗಲೇ ಇಲ್ಲ. ವಾರಂಟಿ ಇತ್ತು, ಸರ್ವಿಸ್‌ನವರು ಮಾರನೇ ದಿನವೇ ಬಂದು ಮದರ್‌ಬೋರ್ಡ್ ಬದಲಾಯಿಸಿದರು. “ಡಿಸ್ಕ್ ಮುಟ್ಟಿಲ್ಲ ಮೇಡಂ, ಡೇಟಾ ಹಂಗೇ ಇದೆ” ಅಂತ ಹೇಳಿ ಆನ್ ಮಾಡಿದರು. ನೀಲಿ ಸ್ಕ್ರೀನ್ ಬಂತು. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ರಿಕವರಿ ಕೀ ಹಾಕಿ, 48 ಅಂಕಿ.

“ಇದ್ಯಾರು ಹಾಕಿದ್ದು? ನಾವಂತೂ ಲಾಕ್ ಮಾಡಿಲ್ಲ” ಅಂದೆ.

“ಅದೇ ಮಾಡ್ಕೊಂಡಿರತ್ತೆ ಮೇಡಂ. ಕೀ ಇಲ್ಲಾಂದ್ರೆ ಫಾರ್ಮ್ಯಾಟ್ ಮಾಡೋದೇ ದಾರಿ.”

ಅವರು ಹೇಳಿದ್ದು ಸರಿಯೇ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೊದಲ ಸಲ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಒಳಗೆ ಹೋದ ಕೂಡಲೇ ಇಡೀ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಬೀಗ ಬೀಳುತ್ತದೆ. ವಿಂಡೋಸಿನ ಹೋಂ ಎಡಿಷನ್‌ನಲ್ಲೂ ಆಗುತ್ತದೆ. ಅದನ್ನು ಬಿಚ್ಚುವ ಕೀಲಿ ಮದರ್‌ಬೋರ್ಡಿನ ಟಿಪಿಎಂ ಚಿಪ್‌ನಲ್ಲಿರುತ್ತದೆ, ಹಾಗಾಗಿ ದಿನಾ ಆನ್ ಮಾಡುವಾಗ ನಮಗೆ ಗೊತ್ತೇ ಆಗುವುದಿಲ್ಲ. ಬೋರ್ಡ್ ಬದಲಾದರೆ ಆ ಚಿಪ್ ಹೋಯಿತು. ಆಗ ಬೇಕಾಗುವ ರಿಕವರಿ ಕೀ ಎಲ್ಲಿರುತ್ತದೆ ಅಂದರೆ, ಮೊದಲ ದಿನ ಹಾಕಿದ ಆ ಅಕೌಂಟಿನಲ್ಲಿ. ಕಳ್ಳರ ಕೈಗೆ ಸಿಕ್ಕರೆ ಇದು ಒಳ್ಳೆಯದೇ. ನಾವೇ ಕಳ್ಳರ ಥರ ಹೊರಗೆ ನಿಲ್ಲಬೇಕಾಯಿತು ಅಷ್ಟೇ.

ಅಕೌಂಟ್ ಹಾಕಿದ್ದ ಹುಡುಗ ಆರ್ಟಿಕಲ್‌ಶಿಪ್ ಮುಗಿಸಿ ಆಗಲೇ ಬೆಂಗಳೂರು ಸೇರಿದ್ದ. ಅವನ ನಂತರ ಅದೇ ಲ್ಯಾಪ್‌ಟಾಪ್ ಹಿಡಿದವನು ಅವನದೇ ಪಿನ್ ಒತ್ತಿ ಕೆಲಸ ಮಾಡುತ್ತಿದ್ದ. ಪಿನ್ ಅನ್ನು ಆಫೀಸಿನ ಬೀಗದ ಕೈ ಥರ ಒಬ್ಬರಿಂದ ಒಬ್ಬರಿಗೆ ಕೊಟ್ಟುಕೊಂಡು ಬಂದಿದ್ದರು. ಒಳಗೆ ಎರಡು ಪಾರ್ಟಿಗಳ (ನಮ್ಮ ಕ್ಲೈಂಟ್‌ಗಳ) ವರ್ಕಿಂಗ್ ಪೇಪರ್ ಇತ್ತು. ಸರ್ವರ್‌ಗೆ ಹಾಕಿರಲಿಲ್ಲ, ಅವನು ಪಾರ್ಟಿಯ ಗೋಡೌನ್‌ನಲ್ಲೇ ಕೂತು ಸ್ಟಾಕ್ ನೋಡಿದ್ದು.

ಹಳೇ ಹುಡುಗನಿಗೆ ಫೋನ್ ಮಾಡಿದರೆ ರಾತ್ರಿ ಎಂಟರವರೆಗೆ ಎತ್ತಲಿಲ್ಲ. ಎತ್ತಿದ ಮೇಲೆ ಇನ್ನೊಂದು ಫಜೀತಿ. ಆ ಅಕೌಂಟಿಗೆ ಕೊಟ್ಟಿದ್ದು ಹಳೇ ಸಿಮ್ ನಂಬರ್, ಓಟಿಪಿ ಅಲ್ಲಿಗೆ ಹೋಗುತ್ತಿತ್ತು. ಮಾರನೇ ದಿನ ಬೆಳಗ್ಗೆ ಇಮೇಲ್ ಮೂಲಕ ಹೇಗೋ ಒಳಗೆ ಹೋದ.

“ಅಕ್ಕ, ಸ್ಕ್ರೀನ್ ಮೇಲೆ ಕೀ ಐಡಿ ಅಂತ ಇರತ್ತೆ, ಅದ್ರ ಮೊದಲ ಎಂಟು ಅಕ್ಷರ ಓದಿ. ನಂಗೆ ಇಲ್ಲಿ ಎರಡು ಲ್ಯಾಪ್‌ಟಾಪ್ ತೋರಿಸ್ತಿದೆ, ಒಂದು ಮನೇದು.”

ಓದಿದೆ. ಆಮೇಲೆ ಅವನು ಆರಾರು ಅಂಕಿಯಂತೆ ಎಂಟು ಗುಂಪು ಹೇಳುತ್ತಾ ಹೋದ. ನಾನು ಒಂದು ಹಳೇ ಟ್ರಯಲ್ ಬ್ಯಾಲೆನ್ಸ್ ಶೀಟಿನ ಹಿಂದೆ ಬರೆದುಕೊಂಡೆ. ಬಿಎಂಟಿಸಿ ಬಸ್ಸಿನಲ್ಲಿದ್ದ, ಕಂಡಕ್ಟರ್ ಕೂಗಿದಾಗೆಲ್ಲ ಒಂದು ಗುಂಪು ವಾಪಸ್ ಹೇಳಬೇಕಾಗುತ್ತಿತ್ತು. ಟೈಪ್ ಮಾಡುವಾಗ ನನ್ನ ಸುತ್ತ ಐದು ಜನ ನಿಂತಿದ್ದರು. ಒಳಗೆ ಹೋಯಿತು. ಒಬ್ಬ ಚಪ್ಪಾಳೆ ಹೊಡೆದ.

ಕಥೆ ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಫೋನ್ ಇಡುವ ಮುಂಚೆ ಹುಡುಗ ತಣ್ಣಗೆ ಹೇಳಿದ: “ಅಕ್ಕ, ನನ್ನ ವನ್‌ಡ್ರೈವ್ ಫುಲ್ ಅಂತ ದಿನಾ ಮೇಲ್ ಬರ್ತಿತ್ತು. ಈಗ ನೋಡಿದ್ರೆ ಎಲ್ಲಾ ಆಫೀಸಿನ ಫೈಲೇ. ಡಿಲೀಟ್ ಮಾಡ್ಲಾ?”

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳು ವನ್‌ಡ್ರೈವ್‌ಗೆ, ಅಂದರೆ ಮೈಕ್ರೋಸಾಫ್ಟ್‌ನ ಆನ್‌ಲೈನ್ ಸ್ಟೋರೇಜ್‌ಗೆ, ಬ್ಯಾಕಪ್ ಆಗುವಂತೆ ಸೆಟ್ ಆಗಿದ್ದವು. ಫ್ರೀ ಅಕೌಂಟಿನ 5 ಜಿಬಿ ತುಂಬುವವರೆಗೂ ಹೋಗಿವೆ. ಪಾರ್ಟಿಗಳ ಪಾನ್, ಬ್ಯಾಂಕ್ ಸ್ಟೇಟ್‌ಮೆಂಟ್, ಪಾಲುದಾರರ ಆಧಾರ್ ಸ್ಕ್ಯಾನ್, ಎಲ್ಲ ನಮ್ಮಲ್ಲಿ ಕೆಲಸ ಬಿಟ್ಟು ಹೋದ ಹುಡುಗನ ಸ್ವಂತ ಅಕೌಂಟಿನಲ್ಲಿ ಕೂತಿವೆ. ಅವನು ಒಳ್ಳೆಯವನು, ಕೇಳಿ ಅಳಿಸಿದ. ಆದರೆ ಪಾರ್ಟಿಯ ವಿಷಯ ಒಪ್ಪಿಗೆ ಇಲ್ಲದೆ ಹೊರಗೆ ಕೊಡುವುದು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಎರಡನೇ ಷೆಡ್ಯೂಲ್ ಪ್ರಕಾರ ಸಿಎ ಒಬ್ಬರ ವೃತ್ತಿಗೇ ಕುತ್ತು ತರುವ ತಪ್ಪು. ನಮ್ಮ ಸರ್ ಸುಮ್ನೆ ಕುರ್ಚಿಗೆ ಒರಗಿ ಕೂತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವತ್ತು ಸಂಜೆ ಉಳಿದ ಐದನ್ನೂ ತೆಗೆದು ನೋಡಿದೆ. ಜೊತೆಗೇ ಬಂದಿದ್ದ ಆಫೀಸ್ ‘ಹೋಂ ಅಂಡ್ ಸ್ಟೂಡೆಂಟ್ 2021’. ಮೊದಲು ಯಾರ ಅಕೌಂಟಿನಿಂದ ಆಕ್ಟಿವೇಟ್ ಮಾಡುತ್ತೇವೋ ಅದಕ್ಕೇ ಅಂಟಿಕೊಳ್ಳುತ್ತದೆ. ಅದು ಹೋಗಲಿ, ಅದರ ಲೈಸೆನ್ಸಿನಲ್ಲೇ ವ್ಯಾಪಾರದ ಕೆಲಸಕ್ಕೆ ಬಳಸುವಂತಿಲ್ಲ ಅಂತಿದೆ. ಎರಡು ವರ್ಷ ಅದರಲ್ಲೇ ನಾವು ಬೇರೆಯವರ ಲೆಕ್ಕದ ತಪ್ಪು ಹುಡುಕಿ ಪಟ್ಟಿ ಮಾಡಿದ್ದೆವು!

ಮುಂದಿನ ಖರೀದಿ 2025ರ ಸೆಪ್ಟೆಂಬರ್‌ನಲ್ಲಿ. ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯುತ್ತಿತ್ತು. ನಮ್ಮ ನಾಲ್ಕು ಹಳೇ ಮಷಿನ್‌ಗಳು ಏಳನೇ ಜನರೇಷನ್ ಐ5, ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ಜನರೇಷನ್‌ನಿಂದ ಶುರು. ಸರ್ ಮೊದಲು “22ನೇ ತಾರೀಕಿನಿಂದ ಜಿಎಸ್‌ಟಿ ಇಳಿಯುತ್ತಲ್ಲ, ತಡೀರಿ” ಅಂದರು. ಟಿವಿ, ಎಸಿ 28 ಪರ್ಸೆಂಟಿನಿಂದ 18ಕ್ಕೆ ಇಳಿದಿದ್ದು. ಲ್ಯಾಪ್‌ಟಾಪ್ ಮೊದಲೇ 18ರಲ್ಲಿತ್ತು, ಅಲ್ಲೇ ಉಳಿಯಿತು. ಅಷ್ಟೇ ಅಲ್ಲ, ಇನ್‌ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ಕಂಪ್ಯೂಟರಿಗೆ ಸವಕಳಿ 40 ಪರ್ಸೆಂಟ್. ಮಾರ್ಚ್ 31ಕ್ಕೆ ಮುಗಿಯುವ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದಾದರೆ ಅದರ ಅರ್ಧ ಮಾತ್ರ. ಅಂದರೆ ಅಕ್ಟೋಬರ್ ಮೊದಲ ಮೂರು ದಿನದೊಳಗೆ ಟೇಬಲ್ ಮೇಲೆ ಕೆಲಸ ಶುರುವಾಗಿರಬೇಕು. ಈ ಲೆಕ್ಕ ಹೇಳಿದ ಮೇಲೆ ಸರ್ ಅವಸರ ಮಾಡಿದರು.

ಈ ಸಲ ಶೀಟಿನ ಮೊದಲ ಕಾಲಂ ವಿಂಡೋಸ್ ಎಡಿಷನ್. ಅಂಗಡಿಗಳಲ್ಲಿ ಜಾಸ್ತಿ ಸಿಗುವುದು ‘ಹೋಂ ಸಿಂಗಲ್ ಲ್ಯಾಂಗ್ವೇಜ್’. ಹೆಸರು ನೋಡಿ ಕನ್ನಡ ಟೈಪ್ ಆಗಲ್ಲ ಅಂತ ಕೆಲವರು ಹೆದರುತ್ತಾರೆ, ಹಾಗೇನಿಲ್ಲ. ಮೆನುಗಳ ಭಾಷೆ ಬದಲಾಯಿಸಲು ಬರುವುದಿಲ್ಲ, ಟೈಪಿಂಗ್ ಯಾವ ಭಾಷೆಯಲ್ಲಾದರೂ ಮಾಡಬಹುದು. ನಮಗೆ ಅದರ ಕೊರತೆ ಬೇರೆ ಕಡೆ. ಸರ್ವರ್ ಡೊಮೈನ್‌ಗೆ, ಅಂದರೆ ಆಫೀಸಿನ ಎಲ್ಲ ಕಂಪ್ಯೂಟರ್‌ಗಳನ್ನು ಒಂದೇ ಕಡೆಯಿಂದ ನಡೆಸುವ ವ್ಯವಸ್ಥೆಗೆ, ಸೇರಿಸಲಾಗದು, ಬಿಟ್‌ಲಾಕರನ್ನು ಪ್ರೊ ಎಡಿಷನ್‌ನಲ್ಲಿ ಮಾಡುವ ಹಾಗೆ ನಾವೇ ಸಂಭಾಳಿಸಲಾಗದು. ಹಾಗಾಗಿ ಪ್ರೊ ಇರುವ ಬಿಸಿನೆಸ್ ಮಾಡೆಲ್ಲೇ ಬೇಕು ಅಂತ ಹಟ ಹಿಡಿದೆ. ಒಂದಕ್ಕೆ ಆರೇಳು ಸಾವಿರ ಜಾಸ್ತಿ ಬಿತ್ತು.

ಕೊಟೇಶನ್ ಕೇಳಿದಾಗ ಒಬ್ಬ ಡೀಲರ್ ಇನ್ನೊಂದು ದಾರಿ ತೋರಿಸಿದರು. “ಡಾಸ್ ಮಾಡೆಲ್ ತಗೊಳ್ಳಿ ಮೇಡಂ, ಕಡಿಮೆಗೆ ಆಗತ್ತೆ. ವಿಂಡೋಸ್, ಆಫೀಸ್, ನುಡಿ, ಎಲ್ಲಾ ನಾವೇ ಹಾಕ್ಕೊಡ್ತೀವಿ.” ಬಿಲ್ಲಿನಲ್ಲಿ ಬರೆಯುತ್ತೀರಾ ಅಂದೆ. ನಕ್ಕರು. ಡಾಸ್ ಮಾಡೆಲ್ ಅಂದರೆ ವಿಂಡೋಸ್ ಇಲ್ಲದೆ ಬರುವ ಲ್ಯಾಪ್‌ಟಾಪ್. ನುಡಿಯ ಮಾತು ಬೇರೆ, ಆ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಫ್ರೀಯಾಗಿ ಸಿಗುತ್ತದೆ. ಆದರೆ ಬಿಲ್ ಇಲ್ಲದ ವಿಂಡೋಸ್ ಅಂದರೆ ಆಕ್ಟಿವೇಟರ್ ಹಾಕಿ ಎಬ್ಬಿಸಿದ ಕ್ರ್ಯಾಕ್. ಅದನ್ನು ಓಡಿಸಬೇಕಾದರೆ ಮೊದಲು ಆಂಟಿವೈರಸ್ ಆಫ್ ಮಾಡಿ ಅನ್ನುತ್ತಾರೆ. ಬಾಗಿಲು ತೆಗೆದಿಟ್ಟು ಮಲಗಿ ಅಂದ ಹಾಗೆ. ಅಂಥದ್ದರಲ್ಲಿ ಪಾರ್ಟಿಯ ನೆಟ್‌ಬ್ಯಾಂಕಿಂಗ್, ಡಿಜಿಟಲ್ ಸಿಗ್ನೇಚರ್ ಹಾಕುವ ಧೈರ್ಯ ನನಗಿಲ್ಲ.

ಉಳಿದದ್ದು ಬೇಗ ಮುಗಿಯಿತು. 16 ಜಿಬಿ ರ‍್ಯಾಮ್, ಯಾಕೆಂದರೆ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಹಗುರ, ಆದರೆ ಕ್ರೋಮ್‌ನಲ್ಲಿ ಹದಿನೈದು ಟ್ಯಾಬ್ ತೆಗೆದಿಡುವ ನಮ್ಮ ಹುಡುಗರು ಭಾರ. ಎಂಟ್ರಿ ಹೊಡೆಯಲು ಬಲಗಡೆ ನಂಬರ್ ಪ್ಯಾಡ್ ಬೇಕೇಬೇಕು. ಡಿಎಸ್‌ಸಿ ಟೋಕನ್ (ಡಿಜಿಟಲ್ ಸಿಗ್ನೇಚರ್ ಇರುವ ಪೆನ್‌ಡ್ರೈವಿನಂಥದ್ದು) ಇನ್ನೂ ಹಳೇ ಅಗಲದ ಯುಎಸ್‌ಬಿಯದೇ, ಅದಕ್ಕೊಂದು, ಮೌಸಿಗೊಂದು ಪೋರ್ಟ್. ಬರೀ ಟೈಪ್-ಸಿ ಇರುವ ತೆಳ್ಳಗಿನ ಲ್ಯಾಪ್‌ಟಾಪ್ ಫೋಟೋದಲ್ಲಿ ಚೆಂದ, ಅಷ್ಟೇ. ಮಾಡೆಲ್ ಹೆಸರಿನ ಬಾಲ ಮಾತ್ರ ಕೊನೇ ಅಕ್ಷರದವರೆಗೆ ಆರ್ಡರಿನಲ್ಲಿ ಬರೆಸಿದೆ. ಒಂದೇ ಹೆಸರಿನಲ್ಲಿ ರ‍್ಯಾಮ್, ಸ್ಕ್ರೀನ್, ವಿಂಡೋಸ್ ಮೂರೂ ಬೇರೆ ಬೇರೆ ಇರುವ ಮಾಲು ಬರುತ್ತದೆ. ಬರೆಸಿದ್ದೇ ಒಳ್ಳೆಯದಾಯಿತು. ನಾಲ್ಕರಲ್ಲಿ ಒಂದು ಬಾಕ್ಸಿನ ಸ್ಟಿಕ್ಕರ್ ಮೇಲೆ 8 ಜಿಬಿ ಅಂತಿತ್ತು. ಸೀಲ್ ಒಡೆಯದೆ ವಾಪಸ್ ಕಳಿಸಿದೆ.

ಬಿಚ್ಚುವ ಕೆಲಸ ಈ ಸಲ ನಾನೊಬ್ಬಳೇ, ಭಾನುವಾರ. ಪ್ರೊನಲ್ಲಿ ಮೊದಲ ಸೆಟಪ್‌ನಲ್ಲಿ ಕೆಲಸಕ್ಕೆ ಅಂತ ಆರಿಸಿ, ಸೈನ್-ಇನ್ ಆಪ್ಷನ್‌ನಲ್ಲಿ ‘ಡೊಮೈನ್ ಜಾಯಿನ್ ಇನ್‌ಸ್ಟೆಡ್’ ಒತ್ತಿದರೆ ಯಾರ ಇಮೇಲೂ ಇಲ್ಲದೆ ಲೋಕಲ್ ಅಕೌಂಟ್ ಆಗುತ್ತದೆ. ಇಷ್ಟು ಗೊತ್ತಿದ್ದರೆ ಸಾಕಿತ್ತಲ್ಲ ಅನ್ನಿಸಿತು.

ಒಳಗೆ ಹೋದರೆ ಟ್ರಯಲ್ ಆಂಟಿವೈರಸ್ ಕಾಯುತ್ತಿತ್ತು. ಅದು ಕೂತಿರುವವರೆಗೆ ವಿಂಡೋಸಿನದೇ ಡಿಫೆಂಡರ್ ಪಕ್ಕಕ್ಕೆ ಸರಿದಿರುತ್ತದೆ. ಟ್ರಯಲ್ ಮುಗಿದ ಮೇಲೆ ದಿನಾ ದುಡ್ಡು ಕೇಳುವ ಪಾಪ್‌ಅಪ್. 2022ರದ್ದರಲ್ಲಿ ಒಬ್ಬ ಹುಡುಗ ಅದಕ್ಕೆ ಹೆದರಿ ಸ್ವಂತ ದುಡ್ಡು ಕಟ್ಟಿದ್ದ, ಪಾಪ. ಮೊದಲು ಅದನ್ನು ಕಿತ್ತೆ, ಡಿಫೆಂಡರ್ ಆನ್ ಆಯಿತಾ ನೋಡಿದೆ, ಆಮೇಲೆ ಗೇಮು, ಶಾಪಿಂಗ್ ಐಕಾನ್‌ಗಳು.

ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕುವುದೇ ಸರಿ ಅನ್ನುವವರಿದ್ದಾರೆ. ಅವರ ಭಯ ಸುಳ್ಳಲ್ಲ. 2014ರ ಕೊನೆಯಲ್ಲಿ ಲೆನೊವೊ ತನ್ನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಅನ್ನೋ ಜಾಹೀರಾತು ಸಾಫ್ಟ್‌ವೇರ್ ಹಾಕಿ ಮಾರಿತ್ತು. ಬ್ಯಾಂಕ್ ಸೈಟಿನ ಬೀಗದ ಗುರುತು ತೋರಿಸುತ್ತಲೇ ಅದು ನಡುವೆ ಕೂತು ಓದಬಲ್ಲದಾಗಿತ್ತು. ಎಲ್ಲ ಮಷಿನ್‌ಗೂ ಒಂದೇ ಕೀ ಇದ್ದದ್ದರಿಂದ ಬೇರೆಯವರೂ ಓದಬಹುದಿತ್ತು. 2015ರ ಫೆಬ್ರುವರಿಯಲ್ಲಿ ಇದೆಲ್ಲ ಬಯಲಾಯಿತು. ಒಂದು ಮಷಿನ್‌ಗೆ ನಾನೂ ಹೊಸದಾಗಿ ಹಾಕಲು ಹೋದೆ. ಪೆನ್‌ಡ್ರೈವ್ ಮಾಡಿ ಶುರು ಮಾಡಿದರೆ ಸೆಟಪ್‌ಗೆ ಎಸ್‌ಎಸ್‌ಡಿಯೇ ಕಾಣಲಿಲ್ಲ. ಇಂಟೆಲ್‌ನ ಸ್ಟೋರೇಜ್ ಡ್ರೈವರ್ ಬೇರೆ ಹಾಕಿಕೊಡಬೇಕಂತೆ. ಅರ್ಧ ದಿನ ಹೋಯಿತು. ಉಳಿದವಕ್ಕೆ ಬೇಡದ್ದನ್ನು ಕಿತ್ತು ಸುಮ್ಮನಾದೆ. ನಮ್ಮಂಥ ಆಫೀಸಿಗೆ ಅಷ್ಟು ಸಾಕು ಅನ್ನೋದು ನನ್ನ ಲೆಕ್ಕ.

ಕೊನೆಗೆ ನುಡಿ. ಸಹಕಾರ ಸಂಘಗಳ ಹಳೇ ಆಡಿಟ್ ವರದಿಗಳೆಲ್ಲ ಯುನಿಕೋಡ್‌ಗೆ ಮುಂಚಿನ ನುಡಿ ಫಾಂಟಿನಲ್ಲಿವೆ. ಆ ಫಾಂಟ್ ಇಲ್ಲದಿದ್ದರೆ ಇಡೀ ವರದಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಹಾಕಿ, ಒಂದು ವರದಿ ತೆಗೆದು ನೋಡಿ ಮುಗಿಸಿದೆ.

ಬಿಟ್‌ಲಾಕರ್ ನಾವೇ ಆನ್ ಮಾಡಿದೆವು. ರಿಕವರಿ ಕೀ ಪ್ರಿಂಟ್ ತೆಗೆದು, ಮೇಲೆ ಸೀರಿಯಲ್ ನಂಬರ್ ಬರೆದು, ಡಿಎಸ್‌ಸಿ ಟೋಕನ್ ಇಡುವ ಕಬ್ಬಿಣದ ಬೀರುವಿನಲ್ಲಿ ಕವರಿನಲ್ಲಿ ಇಟ್ಟಿದ್ದೇವೆ. ವರ್ಡು, ಎಕ್ಸೆಲ್ ಬೇರೆಯಾಗಿ ಕೊಂಡದ್ದು, ‘ಹೋಂ ಅಂಡ್ ಬಿಸಿನೆಸ್’, ಆಫೀಸಿನ ಇಮೇಲ್‌ಗೆ.

2022ರ ಆರರಲ್ಲಿ ನಾಲ್ಕನ್ನು ಸರಿ ಮಾಡಿಯಾಯಿತು. ಇನ್ನೆರಡು ಈಗಲೂ ಇಬ್ಬರು ಹಳೇ ಹುಡುಗರ ಹೆಸರಿನಲ್ಲೇ ಓಡುತ್ತಿವೆ. ಅದರಲ್ಲಿ ಒಬ್ಬ ದುಬೈಗೆ ಹೋಗಿದ್ದಾನೆ. ಅವನ ಮೈಕ್ರೋಸಾಫ್ಟ್ ಅಕೌಂಟಿಗೆ ಬಂದ ಓಟಿಪಿಯನ್ನು ಅವನ ತಾಯಿ ನನಗೆ ಫೋನಿನಲ್ಲಿ ಓದಿ ಹೇಳುತ್ತಾರೆ.