ಸದ್ದಿಗಿಂತ ಮುಂದೆ ನೋಡು

ಯಲಹಂಕಕ್ಕೆ ಹೋಗಿ ಏರ್ ಶೋ ನೋಡೋಣ ಅಂದವರು ನಮ್ಮನೆಯವರು. ಮಗನಿಗೆ ಏಳು, ಮಗಳಿಗೆ ನಾಲ್ಕು. 2025ರ ಫೆಬ್ರವರಿ 14, ಏರೋ ಇಂಡಿಯಾದ ಕೊನೆಯ ದಿನ. ಶುಕ್ರವಾರ, ಶಾಲೆಗೆ ಚಕ್ಕರ್.

ಚಿತ್ರದುರ್ಗ ಬಿಟ್ಟಾಗ ಇನ್ನೂ ಕತ್ತಲು. ಹಿರಿಯೂರು, ಶಿರಾ ದಾಟಿದ್ದು ಮಕ್ಕಳಿಗೆ ಗೊತ್ತೇ ಇಲ್ಲ. ತುಮಕೂರಿನ ಹತ್ತಿರ ಎದ್ದ ಮಗ, "ಅಪ್ಪಾಜಿ, ನಮ್ಮ ಕಡೆ ಯಾಕೆ ವಿಮಾನ ಇಳಿಯಲ್ಲ?" ಅಂದ.

"ಇಳಿಯದೇ ಏನು? ಚಳ್ಳಕೆರೆ ಕಡೆ ಇಸ್ರೋದವರು ರೆಕ್ಕೆ ಇರೋ ರಾಕೆಟ್ಟನ್ನೇ ಇಳಿಸಿದ್ದಾರೆ. ಹೆಲಿಕಾಪ್ಟರ್ 4.5 ಕಿಲೋಮೀಟರ್ ಮೇಲಕ್ಕೆ ಒಯ್ದು ಬಿಟ್ಟಿತ್ತು. ತಾನೇ ಬಂದು ರನ್‌ವೇಲಿ ಇಳೀತು."

ಮಗ ನಂಬಿದಂತೆ ಕಾಣಲಿಲ್ಲ.

ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಕಾರು ಬಿಟ್ಟು ಬಿಎಂಟಿಸಿ ಬಸ್ ಹತ್ತಿದೆವು. ನಮ್ಮದು ಸಾವಿರ ರೂಪಾಯಿ ಟಿಕೆಟ್, ಹಾರಾಟ ನೋಡೋದಕ್ಕೆ ಮಾತ್ರ. ಒಳಗೆ ಕೂತ ಮೇಲೆ ನೆನಪಾಯಿತು, ಮಗಳಿಗೆಂದು ತಂದಿದ್ದ ಕಿವಿ ಮುಚ್ಚುವ ಹೆಡ್‌ಫೋನ್ ಕಾರಲ್ಲೇ ಉಳಿದಿದೆ!

ಸುಖೋಯ್-30 ತಲೆ ಮೇಲೆ ಹೋದಾಗ ಆ ಸದ್ದು ಕಿವಿಗಲ್ಲ, ಎದೆಗೇ ಬಡಿಯಿತು. ಮಗಳು ಕಿರುಚಿಕೊಂಡು ನನ್ನ ಮಡಿಲಿಗೆ ಮುಖ ಹುದುಗಿಸಿದಳು. ದುಪಟ್ಟಾ ಸುತ್ತಿ, ಅದರ ಮೇಲೆ ನನ್ನ ಎರಡೂ ಅಂಗೈ ಒತ್ತಿ ಹಿಡಿದೆ. ಅರ್ಧ ಪ್ರದರ್ಶನ ನಾನು ನೋಡಿದ್ದು ಅವಳ ನೆತ್ತಿಯನ್ನೇ. ನಾಲ್ಕು ವರ್ಷದ ಮಗುವಿಗೆ ಇದು ಜಾಸ್ತಿಯಾಯಿತು, ತಪ್ಪು ನಮ್ಮದೇ.

ಮಗನದು ಬೇರೆ ಗೋಳು. "ಅಮ್ಮಾ, ಸದ್ದಿದೆ, ವಿಮಾನ ಇಲ್ಲ!" ಸದ್ದು ಬಂದ ಕಡೆ ತಿರುಗುತ್ತಾನೆ, ಅಲ್ಲಿ ಬರೀ ಆಕಾಶ.

"ಮಿಂಚು ಮೊದಲು, ಗುಡುಗು ಆಮೇಲೆ ಅಲ್ವಾ?" ಅಂದರು ಇವರು. "ಒಂದು ಕಿಲೋಮೀಟರ್ ಬರೋಕೆ ಸದ್ದಿಗೆ 3 ಸೆಕೆಂಡ್ ಬೇಕು. ಅಷ್ಟರಲ್ಲಿ ವಿಮಾನ ಎಲ್ಲಿಗೋ ಹೋಗಿರುತ್ತೆ. ಸದ್ದಿಗಿಂತ ಮುಂದೆ ನೋಡು."

ಆಮೇಲೆ ಅವನಿಗೆ ಒಂದೂ ತಪ್ಪಲಿಲ್ಲ. ತೇಜಸ್ಸನ್ನು ನನಗಿಂತ ಮೊದಲೇ ಹುಡುಕಿದ. ರಷ್ಯಾದ ಸು-57 ಮಾತ್ರ ಯಾವ ಲೆಕ್ಕಕ್ಕೂ ಸಿಗಲಿಲ್ಲ. ದಾರ ಹರಿದ ಗಾಳಿಪಟದ ಹಾಗೆ ನಿಂತಲ್ಲೇ ತಿರುಗಿ ಕೆಳಗೆ ಜಾರುತ್ತಿತ್ತು. ಹೆಲಿಕಾಪ್ಟರುಗಳ ಸಾರಂಗ್ ತಂಡ ಈ ಸಲ ಇರಲಿಲ್ಲ. ಜನವರಿಯಲ್ಲಿ ಪೋರಬಂದರಿನಲ್ಲಿ ಅವರದೇ ಮಾದರಿಯ ಧ್ರುವ್ ಹೆಲಿಕಾಪ್ಟರ್ ಬಿದ್ದ ಮೇಲೆ ಆ ಹೆಲಿಕಾಪ್ಟರುಗಳನ್ನೆಲ್ಲ ಕೆಳಗೇ ನಿಲ್ಲಿಸಿದ್ದರು.

ಬೀದರಿನ ಸೂರ್ಯಕಿರಣ್ ತಂಡ ಬಂತು. ಒಂಬತ್ತು ಕೆಂಪು-ಬಿಳಿ ಹಾಕ್ ವಿಮಾನಗಳು. ಇವುಗಳ ಸದ್ದು ಅಷ್ಟು ಜೋರಿಲ್ಲ. ಮಗಳು ದುಪಟ್ಟಾದಿಂದ ಒಂದು ಕಣ್ಣು ಹೊರಗಿಟ್ಟಳು, ಆಮೇಲೆ ಎರಡೂ. ಎರಡು ವಿಮಾನಗಳು ಹೊಗೆಯಲ್ಲಿ ಹೃದಯ ಬಿಡಿಸಿದವು.

"ಅಮ್ಮ, ಅದನ್ನ ಯಾರು ಒರೆಸ್ತಾರೆ?"

ಗಾಳಿ ಅಂದೆ. ಪೂರ್ತಿ ಅಳಿಸಿಹೋಗೋವರೆಗೂ ಕತ್ತೆತ್ತಿಕೊಂಡೇ ಇದ್ದಳು.

ಮನೆಗೆ ಬಂದಾಗ ರಾತ್ರಿ ಹನ್ನೊಂದು. ಮರುದಿನ ಬೆಳಿಗ್ಗೆ ಮಾಳಿಗೆ ಮೇಲೆ ಅತ್ತೆ ಮೆಣಸಿನಕಾಯಿ ಒಣಹಾಕುತ್ತಿದ್ದರು. ಎತ್ತರದಲ್ಲೆಲ್ಲೋ ವಿಮಾನದ ಸದ್ದು. ಅವರು ಹಣೆಗೆ ಕೈ ಅಡ್ಡ ಹಿಡಿದು ಹುಡುಕಿದರು.

"ಅಲ್ಲಲ್ಲ ಅಜ್ಜಿ," ಮಗ ಅವರ ಗಲ್ಲ ಹಿಡಿದು ಕೋಟೆಯ ಕಡೆಗೆ ತಿರುಗಿಸಿದ, "ಇನ್ನೂ ಮುಂದೆ."