ಸೊನ್ನೆ ಅಂತ ನಾನು ಬರೆದುಕೊಂಡ ಹೆಂಗಸರು

ಶಿಡ್ಲಘಟ್ಟ, 17 ನವೆಂಬರ್ 2024, ಭಾನುವಾರ

ಬೆಳಗ್ಗೆಯಿಂದ ಸರ್ವೆ ಫಾರಂಗಳ ಮುಂದೆ ಕೂತಿದ್ದೇನೆ. ಗಂಡಸೋ ಹೆಂಗಸೋ, ಎಷ್ಟು ಓದಿದ್ದಾರೆ, ತಿಂಗಳಿಗೆ ಎಷ್ಟು ಆದಾಯ. ಇದಕ್ಕೆಲ್ಲ ಸಂಖ್ಯಾಶಾಸ್ತ್ರದ ಯಾವ ಪರೀಕ್ಷೆ ಹಾಕುವುದು ಅನ್ನುವುದೇ ಯೋಚನೆ.

ಲಿಂಗಕ್ಕೂ ಓದಿಗೂ ನಂಟು ನೋಡಲು ಕೈ-ಸ್ಕ್ವೇರ್ ಸಾಕು. ನಂಟೇ ಇಲ್ಲದಿದ್ದರೆ ಪ್ರತಿ ಗುಂಪಿನಲ್ಲಿ ಎಷ್ಟು ಜನ ಇರಬೇಕಿತ್ತು (ನಿರೀಕ್ಷಿತ ಎಣಿಕೆ), ನಿಜಕ್ಕೂ ಎಷ್ಟಿದ್ದಾರೆ ಅಂತ ಹೋಲಿಸುವ ಪರೀಕ್ಷೆ ಅದು. ಡಿಗ್ರಿ ಆದವರು ತೀರಾ ಕಡಿಮೆಯಿದ್ದು ನಿರೀಕ್ಷಿತ ಎಣಿಕೆ 5ಕ್ಕಿಂತ ಕೆಳಗೆ ಬಂದರೆ ಸಣ್ಣ ಎಣಿಕೆಗೂ ಒಪ್ಪುವ ಫಿಶರ್ ಪರೀಕ್ಷೆ ಇದೆ.

ಕಷ್ಟ ಇರುವುದು ಆದಾಯದಲ್ಲಿ. ನಾಲ್ವರಿಗೆ 8, 9, 10, 12 ಸಾವಿರ, ಐದನೆಯವರಿಗೆ 1 ಲಕ್ಷ ಅಂದುಕೊಳ್ಳಿ. ಸರಾಸರಿ 27,800. ಮಧ್ಯಾಂಕ, ಅಂದರೆ ಸಾಲಾಗಿ ಜೋಡಿಸಿದಾಗ ನಡುವಿನದು, 10,000. ಒಬ್ಬರ ಲಕ್ಷ ಸರಾಸರಿಯನ್ನು ಎಳೆದುಬಿಡುತ್ತದೆ, ಅಲ್ವಾ? ಅದಕ್ಕೇ ಆದಾಯದ ಲಾಗ್ ತೆಗೆದು (ದೊಡ್ಡ ಸಂಖ್ಯೆಗಳನ್ನು ಕುಗ್ಗಿಸುವ ಲೆಕ್ಕ) ರಿಗ್ರೆಶನ್ ಮಾಡುತ್ತಾರೆ, ಅಂದರೆ ಲಿಂಗ, ಓದು ಬದಲಾದಂತೆ ಆದಾಯ ಎಷ್ಟು ಬದಲಾಗುತ್ತದೆ ಅಂತ ಅಳೆಯುತ್ತಾರೆ. ಅದರಲ್ಲಿ ಲಿಂಗ ಮತ್ತು ಓದಿನ ಗುಣಲಬ್ಧವನ್ನೂ ಸೇರಿಸಿದರೆ, ಓದಿನಿಂದ ಗಂಡಸರಿಗೆ ಆಗುವಷ್ಟು ಅನುಕೂಲ ಹೆಂಗಸರಿಗೂ ಆಗುತ್ತದಾ ಅಂತ ಗೊತ್ತಾಗುತ್ತದೆ. ನನಗೆ ಬೇಕಿದ್ದದ್ದು ಅದೇ.

ಲಾಗ್ ಹಾಕಿದೆ. ಎಷ್ಟೋ ಸಾಲುಗಳು ಲೆಕ್ಕದಿಂದ ಬಿದ್ದುಹೋದವು. ಅವುಗಳಲ್ಲಿ ಆದಾಯ ಸೊನ್ನೆ, ಸೊನ್ನೆಗೆ ಲಾಗ್ ಇಲ್ಲ. ಬಿದ್ದವರು ಯಾರೆಂದು ನೋಡಿದರೆ ಜಾಸ್ತಿ ಹೆಂಗಸರೇ. ಎಲ್ಲಕ್ಕೂ 1 ಕೂಡಿಸು ಅಂದಳು ಗೆಳತಿ. ಮನಸ್ಸು ಒಪ್ಪಲಿಲ್ಲ. ಹಾಗೆ ಮಾಡಿದರೆ ರೂಪಾಯಿಯಲ್ಲಿ ಬರೆದಾಗ ಒಂದು ಉತ್ತರ, ಸಾವಿರದಲ್ಲಿ ಬರೆದಾಗ ಇನ್ನೊಂದು.

ಆ ಫಾರಂಗಳಲ್ಲಿ ಒಬ್ಬರ ಮುಖ ಕಣ್ಣಿಗೆ ಕಟ್ಟಿದಂತಿದೆ. ನಾನು ಹೋದಾಗ ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಮುಗಿಸಿ ಎದ್ದ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದರು. ಅಷ್ಟರಲ್ಲಾಗಲೇ ಹಸು ಕರೆದು ಡೇರಿಗೆ ಹಾಲು ಹಾಕಿ ಬಂದಿದ್ದರು. ಡೇರಿ ಪುಸ್ತಕ ಗಂಡನ ಹೆಸರಲ್ಲಿ. ರೇಷ್ಮೆ ಗೂಡು ಮಾರಿದ ದುಡ್ಡೂ ಗಂಡನ ಖಾತೆಗೇ. ಆದಾಯ ಎಷ್ಟು ಅಂದರೆ, "ನನಗೇನಮ್ಮ, ಮನೇಲೇ ಇರ್ತೀನಿ" ಅಂದರು. ನಾನು ಸುಮ್ನೆ 0 ಬರೆದುಕೊಂಡು ಬಂದೆ. ಹಾಗೆ ಮಾಡಬಾರದಿತ್ತು.

ಯಾರು ಏನು ಕೆಲಸ ಮಾಡುತ್ತಾರೆ ಅಂತ ಕೇಂದ್ರ ಸರ್ಕಾರ ನಡೆಸುವ ಪಿಎಲ್‌ಎಫ್‌ಎಸ್ ಸಮೀಕ್ಷೆಯಲ್ಲಿ ಇಂಥವರಿಗೆ ಕೋಡ್ 21. ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ದುಡಿಯುವವರು. ಅವರೂ ಕೆಲಸದಲ್ಲಿರುವವರೆಂದೇ ಲೆಕ್ಕ. ಬರೀ ಮನೆಗೆಲಸಕ್ಕೆ 92. ನನ್ನ ಹಾಳೆಯಲ್ಲಿ ಇಬ್ಬರೂ ಒಂದೇ ಸೊನ್ನೆ.

ಈಗ ಎರಡು ಹಂತದಲ್ಲಿ ಮಾಡುತ್ತೇನೆ. ಕೈಗೆ ದುಡ್ಡು ಬರುತ್ತದಾ ಇಲ್ಲವಾ ಅನ್ನುವುದಕ್ಕೆ ಲಾಜಿಸ್ಟಿಕ್ ರಿಗ್ರೆಶನ್, ಹೌದು-ಇಲ್ಲ ಉತ್ತರಗಳಿಗೆ ಬಳಸುವಂಥದ್ದು. ಬರುವವರಿಗೆ ಎಷ್ಟು ಅನ್ನುವುದಕ್ಕೆ ಲಾಗ್ ಆದಾಯ. ಆದರೆ 21 ಯಾರು, 92 ಯಾರು ಅಂತ ಯಾವ ಮಾಡೆಲ್ಲೂ ಹೇಳುವುದಿಲ್ಲ. ಮತ್ತೆ ಮನೆಮನೆಗೆ ಹೋಗಿ ಕೇಳಬೇಕು. ಹೊಸ ಪ್ರಶ್ನೆ ಬರೆದಾಗಿದೆ: "ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಕೆಲಸ ಮಾಡಿದಿರಿ?"

ಹುಳು ಗೂಡು ಕಟ್ಟಲು ಚಂದ್ರಿಕೆ (ಬಿದಿರಿನ ತಟ್ಟಿ) ಹತ್ತಿದ ಮೇಲೆ ಆಕೆಗೆ ಸ್ವಲ್ಪ ಬಿಡುವು ಸಿಗುತ್ತದೆ. ಮೊದಲು ಅವರ ಮನೆಗೇ ಹೋಗುತ್ತೇನೆ.