ಐರಿಷ್ ಪೂರ್ವಜರ ಹುಡುಕಾಟ: ಹೆಸರಿಗಿಂತ ಮೊದಲು ಊರು ಹಿಡಿಯಿರಿ

ಬೆಂಗಳೂರು ಕಂಟೋನ್ಮೆಂಟ್, ಕೆಜಿಎಫ್ ಕಡೆಯ ಎಷ್ಟೋ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ‘ನಮ್ಮ ಮೂಲಪುರುಷ ಐರಿಷ್ ಸಿಪಾಯಿ’ ಅನ್ನುವ ಮಾತಿದೆ. ಅಂಥ ಮನೆಯ ಗೆಳೆಯನೊಬ್ಬನ ಜೊತೆ ಐರ್ಲೆಂಡಿಗೆ ಹೋಗಿಬಂದೆ. ಅದೇ ಕೆಲಸಕ್ಕೆ ಹೊರಡುವವರಿಗೆ ಕೆಲವು ಮಾತು.

ಚರ್ಚಿನ ದೀಕ್ಷಾಸ್ನಾನ, ಮದುವೆ ಪುಸ್ತಕ ನೋಡೋಕೆ ಅಂತ ವಿಮಾನ ಹತ್ತಬೇಡಿ. 1880ರವರೆಗಿನ ಹೆಚ್ಚಿನ ಕ್ಯಾಥೊಲಿಕ್ ರಿಜಿಸ್ಟರ್‌ಗಳನ್ನು ಅಲ್ಲಿನ ನ್ಯಾಷನಲ್ ಲೈಬ್ರರಿ 2015ರಲ್ಲೇ ಆನ್‌ಲೈನ್‌ಗೆ ಹಾಕಿದೆ, ಪುಕ್ಕಟೆ. ತೊಂದರೆ ಏನೆಂದರೆ, ಪಶ್ಚಿಮದ ಹಳ್ಳಿಗಳಲ್ಲಿ ಅವು ಬಹುಪಾಲು ಶುರುವಾಗೋದೇ 1820ರ ಆಸುಪಾಸಿನಲ್ಲಿ. 1821ರಿಂದ 1851ರವರೆಗಿನ ಜನಗಣತಿ, ಹಳೆಯ ಉಯಿಲುಗಳು ಬಹುಪಾಲು 1922ರ ಜೂನ್ 30ರಂದು ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದ ದಾಖಲೆ ಕಚೇರಿಯಲ್ಲಿ ಸುಟ್ಟುಹೋದವು. ಉಳಿದ ನಕಲುಗಳನ್ನು ಸೇರಿಸಿ ಕಟ್ಟಿದ ‘ವರ್ಚುವಲ್ ರೆಕಾರ್ಡ್ ಟ್ರೆಷರಿ’ಯನ್ನೂ ಮನೆಯಲ್ಲೇ ಕೂತು ಜಾಲಾಡಿ.

ನಮಗೆ ದಾರಿ ತೋರಿಸಿದ್ದು ಸೇನೆಯ ಕಾಗದ. ಬ್ರಿಟಿಷ್ ಸೇನೆಯಿಂದ ಪಿಂಚಣಿ ಪಡೆದು ಬಿಟ್ಟವರ ಡಿಸ್ಚಾರ್ಜ್ ಪತ್ರಗಳು ಲಂಡನ್ನಿನ ಕ್ಯೂ (Kew) ಬಡಾವಣೆಯ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿ), ಹತ್ತಿರದ ಪೇಟೆ, ಕೌಂಟಿ (ಜಿಲ್ಲೆಯಂಥದ್ದು) ಮೂರನ್ನೂ ತುಂಬಲು ಆ ಫಾರಂನಲ್ಲೇ ಜಾಗ. ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ, ಕಾಗುಣಿತ ನಂಬಬೇಡಿ. ಕಂಪನಿ ಸೇನೆಯವನಾಗಿದ್ದರೆ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆ ನೋಡಿ.

ಗೆಳೆಯನ ಅದೃಷ್ಟ, ಆ ಪತ್ರದಲ್ಲಿ ಬಂದದ್ದು ರಾಸ್‌ಕಾಮನ್ ಕೌಂಟಿಯ ಎಲ್ಫಿನ್ ಪೇಟೆ. 1749ರಲ್ಲಿ ಅಲ್ಲಿನ ಬಿಷಪ್ ಎಡ್ವರ್ಡ್ ಸಿಂಜ್ ತನ್ನ ಇಡೀ ಡಯಾಸಿಸ್‌ನ (ಬಿಷಪ್ ವ್ಯಾಪ್ತಿಯ ಪ್ರದೇಶದ) ಮನೆಮನೆ ಲೆಕ್ಕ ಹಾಕಿಸಿದ್ದ. ಅದು ಉಳಿದಿದೆ, ಪುಸ್ತಕವಾಗಿ ಅಚ್ಚೂ ಆಗಿದೆ. ಒಂದೊಂದು ಸಾಲಿನಲ್ಲಿ ಒಂದೊಂದು ಮನೆ: ಯಜಮಾನನ ಹೆಸರು, ಧರ್ಮ, ಕಸುಬು, ಮಕ್ಕಳೆಷ್ಟು, ಆಳುಗಳೆಷ್ಟು. ಮಕ್ಕಳದ್ದು ಎಣಿಕೆ ಮಾತ್ರ, ಹೆಸರಿಲ್ಲ. ನಮಗೆ ಬೇಕಿದ್ದ ಟೌನ್‌ಲ್ಯಾಂಡ್ ಎಂಬ ಸಣ್ಣ ಊರಿನಲ್ಲಿ ಅದೇ ಮನೆತನದ ಹೆಸರು ಸಿಕ್ಕಿತು, ಎದುರಿಗೆ ಕೂಲಿ ಅಂತ. ಅವನೇ ಮುತ್ತಾತನ ತಾತನೋ, ದಾಯಾದಿಯೋ ಹೇಳೋಕಾಗಲ್ಲ. ಇಲ್ಲಿಂದಾಚೆ ‘ಇರಬಹುದು’ ಅನ್ನೋದರಲ್ಲೇ ತೃಪ್ತಿ ಪಡಬೇಕು. ರಾಜವಂಶದವರೆಗೂ ವಂಶವೃಕ್ಷ ಬರೆದುಕೊಡ್ತೀವಿ ಅನ್ನುವವರಿಗೆ ದುಡ್ಡು ಕೊಡಬೇಡಿ.

ಟೌನ್‌ಲ್ಯಾಂಡ್ ಅಂದರೆ ನಮ್ಮ ಮಜರೆಯಷ್ಟು ಜಾಗ. ಇಡೀ ಐರ್ಲೆಂಡ್ ದ್ವೀಪದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚಿವೆ. ನಿಮ್ಮವರದ್ದು ಯಾವುದೆಂದು ಗೊತ್ತಿಲ್ಲದಿದ್ದರೆ ಒಂದೇ ಹೆಸರಿನ ನೂರು ಜನರ ನಡುವೆ ಕಳೆದುಹೋಗ್ತೀರಿ. 1823–37ರ ಟೈದ್ (ಚರ್ಚ್ ತೆರಿಗೆ) ಪುಸ್ತಕಗಳಲ್ಲಿ, ಆಮೇಲೆ ಜಮೀನು-ಮನೆಗಳ ಬೆಲೆಕಟ್ಟಿದ ಗ್ರಿಫಿತ್ ವ್ಯಾಲ್ಯುಯೇಷನ್‌ನಲ್ಲಿ ಅದನ್ನು ಹುಡುಕಿಟ್ಟುಕೊಳ್ಳಿ. ಎರಡೂ ಆನ್‌ಲೈನ್‌ನಲ್ಲಿವೆ.

ಸ್ವಲ್ಪ ಜಮೀನಿದ್ದ ಕುಟುಂಬವಾದರೆ ಡಬ್ಲಿನ್‌ನ ಹೆನ್ರಿಯೆಟಾ ಸ್ಟ್ರೀಟಿನ ರಿಜಿಸ್ಟ್ರಿ ಆಫ್ ಡೀಡ್ಸ್ (ಆಸ್ತಿಪತ್ರಗಳ ನೋಂದಣಿ) ಬಿಡಬೇಡಿ. 1708ರಿಂದ ನಡೆದುಬಂದ ಕಚೇರಿ. ಪುಸ್ತಕಗಳು ಎತ್ತಲಾರದಷ್ಟು ಭಾರ. ಗುತ್ತಿಗೆ ಎಷ್ಟೋ ಸಲ ‘ಮೂರು ಜೀವ’ದ ಲೆಕ್ಕದಲ್ಲಿ, ಅಂದರೆ ಹೆಸರಿಸಿದ ಮೂವರಲ್ಲಿ ಕೊನೆಯವರು ಸಾಯುವ ತನಕ. ಜಾಣ ರೈತ ಸಣ್ಣ ಮಕ್ಕಳ ಹೆಸರು, ವಯಸ್ಸು ಸೇರಿಸಿರುತ್ತಾನೆ. ಆದರೆ 18ನೇ ಶತಮಾನದ ಬಹುಕಾಲ ಕ್ಯಾಥೊಲಿಕರಿಗೆ 31 ವರ್ಷ ಮೀರಿದ ಗುತ್ತಿಗೆಯೇ ನಿಷಿದ್ಧ, ಹಾಗಾಗಿ ಇಲ್ಲಿ ಪ್ರಾಟೆಸ್ಟೆಂಟರೇ ಜಾಸ್ತಿ.

ಪಾಸ್‌ಪೋರ್ಟ್, ವಿಳಾಸದ ಪುರಾವೆ, ಪೆನ್ಸಿಲ್ ಜೊತೆಗಿರಲಿ. ಆರ್ಕೈವ್‌ಗಳಲ್ಲಿ ಪೆನ್ ಬಿಡಲ್ಲ. ಎಲ್ಫಿನ್‌ಗೆ ರೈಲಿಲ್ಲ, ಕಾರು ಬಾಡಿಗೆಗೆ ತಗೊಳ್ಳಿ. ಲಂಡನ್ ಕೆಲಸವೂ ಇದ್ದರೆ ವೀಸಾ ಹಾಕುವಾಗಲೇ ಬ್ರಿಟಿಷ್-ಐರಿಷ್ ವೀಸಾ ಸ್ಕೀಮ್ ಬಗ್ಗೆ ವಿಚಾರಿಸಿ; ಒಂದರಲ್ಲೇ ಎರಡೂ ದೇಶ ಮುಗಿಸಬಹುದು.